ಕೈ ಖಾಲಿ ಇದ್ದವರು ಒಳಗೆ ಇಳಿಯಿರಿ

ಕಳೆದ ವರ್ಷ ಹೋಳಿ ಹುಣ್ಣಿಮೆ ಮುಗಿದ ವಾರ. ಕಾರ್ಖಾನೆಯವರು ದುರಸ್ತಿಗೆಂದು ಯಂತ್ರಗಳನ್ನೆಲ್ಲ ನಿಲ್ಲಿಸಿದ್ದರು. ಕೊಪ್ಪಳದ ಸುತ್ತ ಇಂಥ ಕಾರ್ಖಾನೆಗಳು ಬೇಕಾದಷ್ಟಿವೆ, ಯಾವುದೆಂದು ಹೇಳುವುದಿಲ್ಲ. ನಾನೂ ನಮ್ಮೂರಿನ ಕೆಲವು ಹೆಂಗಸರೂ ಅಲ್ಲಿ ಗುತ್ತಿಗೆ ಕೆಲಸಕ್ಕೆ ಹೋಗುತ್ತಿದ್ದೆವು. ಉದುರಿದ ಅದಿರು ಬಾಚುವುದು, ಕಸ ಗುಡಿಸುವುದು, ಬುಟ್ಟಿ ಹೊರುವುದು. ನನಗೆ ಅರವತ್ತು ದಾಟಿದೆ. ಓದು ಎಂದರೆ ಬಸ್ಸಿನ ಬೋರ್ಡು ಓದುವಷ್ಟು. ಚೆಂದ ಮಾಡಿ ಬರೆಯಲು ಬರುವುದಿಲ್ಲ, ನಡೆದದ್ದನ್ನು ಹೇಳುತ್ತೇನೆ.

ಅಲ್ಲಿ ಕೋಣೆಯಷ್ಟು ದೊಡ್ಡ ಉಕ್ಕಿನ ಟ್ಯಾಂಕು ಇದೆ. ಅದಿರಿನ ಪುಡಿ ಕಲಸಿದ ನೀರು ಅದರೊಳಗೆ ಹಗಲೂ ರಾತ್ರಿ ತಿರುಗುತ್ತದೆ. ಆ ರಾಡಿ ಉಕ್ಕನ್ನೂ ಸವೆಸಿ ತೂತು ಮಾಡುತ್ತದೆ. ಅದಕ್ಕೆಂದು ಒಳಮೈಗೆಲ್ಲ ದಪ್ಪ ರಬ್ಬರ್ ಹಾಳೆ ಅಂಟಿಸುತ್ತಾರೆ. ಪೆಟ್ಟನ್ನು ರಬ್ಬರ್ ತಿನ್ನುತ್ತದೆ, ಉಕ್ಕು ಉಳಿಯುತ್ತದೆ. ಹಳೆಯ ರಬ್ಬರ್ ಹರಿದಿತ್ತು, ಅದನ್ನು ಕಿತ್ತು ಹೊಸದು ಹಾಕುತ್ತಿದ್ದರು. ಅಂಟಿಸುವವರು ಬೇರೆ ರಾಜ್ಯದಿಂದ ಬಂದ ಗಂಡಸರು. ಮುಖಕ್ಕೆ ಹಂದಿ ಮೂತಿಯಂಥ ಮಾಸ್ಕ್ ಕಟ್ಟಿಕೊಂಡು ಇಳಿಯುತ್ತಿದ್ದರು. ಅವರು ಇಳಿಯುವ ಮೊದಲು ಒಳಗೆ ಗುಡಿಸಿ, ಒಂದು ನಮೂನೆಯ ಎಣ್ಣೆಯಲ್ಲಿ ಬಟ್ಟೆ ಅದ್ದಿ ಒರೆಸಿ ಕೊಡುವುದು ನಮ್ಮ ಪಾಲಿನ ಕೆಲಸ. ಆ ಎಣ್ಣೆ ಪೆಟ್ರೋಲಿನ ಹಾಗೆ ಗಾಳಿಗೆ ಹಾರುತ್ತದೆ, ಮೂಗಿನಿಂದ ನೇರ ತಲೆಗೇ ಹತ್ತುತ್ತದೆ. ನಮಗೆ ಮಾಸ್ಕ್ ಕೊಟ್ಟಿರಲಿಲ್ಲ. ಸೆರಗು ಇತ್ತು, ಅದನ್ನೇ ಕಟ್ಟಿಕೊಂಡೆವು.

ಮೊದಲ ದಿನ ಅಂಟಿಸಿದ ಒಂದು ಹಾಳೆ ಮರುದಿನ ಬಸುರಿಯ ಹೊಟ್ಟೆಯ ಹಾಗೆ ಉಬ್ಬಿತು. ಕೊಯ್ದು ನೋಡಿದರೆ ಅಡಿಯಲ್ಲಿ ಹಸಿರು ಬಳೆಯ ಚೂರು. ಗುತ್ತಿಗೆದಾರನ ಕಡೆಯ ಸೂಪರ್‌ವೈಸರ್ ವೀರೇಶ ಅದನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ನಮ್ಮ ಮುಂದೆ ಬಂದು ನಿಂತ.

"ಯಾರ ಬಳಿ ಇದು? ಇಷ್ಟು ಚೂರಿನ ಸಲುವಾಗಿ ಇಡೀ ಹಾಳಿ ದಂಡ ಆತು. ಇನ್ನ ಮ್ಯಾಲ ಬಳಿ, ಕಾಲುಂಗುರ ಎಲ್ಲಾ ಬಿಚ್ಚಿಟ್ಟು ಒಳಗ ಇಳೀಬೇಕು."

ನಮ್ಮ ಪೈಕಿ ಎಲ್ಲವ್ವನ ಬಾಯಿ ದೊಡ್ಡದು. "ಯಪ್ಪಾ ವೀರೇಶ, ನನ್ನ ಗಂಡ ಇನ್ನೂ ಅದಾನ. ನಿನ್ನ ಟ್ಯಾಂಕಿನ ಸಲುವಾಗಿ ಅವನ್ನ ಯಾಕ ಸಾಯಿಸ್ಲಿ?" ಎಂದಳು.

"ನಿನ್ನ ಗಂಡ ಕುಡುದು ಗಟಾರದಾಗ ಬಿದ್ದಿರ್ತಾನಲ್ಲ ಬೇ" ಎಂದು ವೀರೇಶ ಚುಚ್ಚಿದ.

"ಬಿದ್ರ ಏನಾತು? ಎದ್ದು ಬಂದು ರೊಟ್ಟಿ ಕೇಳ್ತಾನಲ್ಲ!"

ಎಲ್ಲರೂ ನಕ್ಕರು. ವೀರೇಶ ಮಾತ್ರ ನಗಲಿಲ್ಲ. ಅವನು ನಮ್ಮೆಲ್ಲರ ಕೈ ನೋಡುತ್ತ ಬಂದ. ನನ್ನ ಹತ್ತಿರ ನಿಂತ. ಆಮೇಲೆ ಹುಲಿಗೆವ್ವನ ಹತ್ತಿರ ನಿಂತ. ನಾನು ಗಂಡನನ್ನು ಕಳೆದುಕೊಂಡು ಬಹಳ ಕಾಲವಾಯಿತು. ಹುಲಿಗೆವ್ವನ ಗಂಡ ತೀರಿ ಎರಡನೆಯ ವರ್ಷ. ಚಿಕ್ಕ ವಯಸ್ಸು, ಮನೆಯಲ್ಲಿ ಎರಡು ಹೆಣ್ಣುಮಕ್ಕಳು, ಮೇಲೊಬ್ಬ ಅತ್ತೆ.

"ಕೈ ಖಾಲಿ ಇದ್ದೋರು ನೀವಿಬ್ರು. ಇನ್ನ ಮ್ಯಾಲ ಒಳಗ ನೀವ ಇಳೀರಿ" ಎಂದ.

ಲಗ್ನದ ಮನೆಯಲ್ಲಿ ನಮ್ಮಂಥವರಿಗೆ ಹಿಂದಕ್ಕೆ ಸರಿ ಎನ್ನುತ್ತಾರೆ. ಇಲ್ಲಿ ಮುಂದಕ್ಕೆ ಬಾ ಎಂದರು. ಬಳೆಯ ಮೇಲೆ ಬಟ್ಟೆ ಸುತ್ತಿಕೊಂಡು ಎಲ್ಲರೂ ಸರದಿಯಲ್ಲಿ ಇಳಿದಿದ್ದರೆ ಆಗುತ್ತಿರಲಿಲ್ಲವೇ? ಕೇಳಿದೆ. ಹುಲಿಗೆವ್ವನಿಗೆ ಎರಡು ಮಕ್ಕಳಿವೆ ಎಂದೂ ಹೇಳಿದೆ. "ಜಾಸ್ತಿ ಮಾತಾಡಬ್ಯಾಡ ಮುದುಕಿ" ಎಂದ. ನನ್ನ ಸೊಂಟದ ಎತ್ತರಕ್ಕೆ ಇದ್ದಾಗಿನಿಂದ ನಾನು ನೋಡಿದ ಹುಡುಗ ಅವನು.

ಅಂದಿನಿಂದ ನಾವಿಬ್ಬರೇ ಇಳಿದೆವು. ಟ್ಯಾಂಕಿನ ಮೇಲೆ ಧೂಳು ಬೀಳದಂತೆ ತಾಡಪತ್ರಿ ಬಿಗಿದು ಕಟ್ಟಿದ್ದರು. ಬದಿಯಲ್ಲಿ ಎದೆಯ ಎತ್ತರಕ್ಕೆ ಒಂದು ದುಂಡನೆಯ ಕಂಡಿ, ಮೈ ಮಡಚಿ ತೂರುವಷ್ಟು. ಆ ಕಂಡಿಯ ಹತ್ತಿರ ಒಂದು ದೊಡ್ಡ ಫ್ಯಾನು ಇಟ್ಟು ಒಳಗೆ ಗಾಳಿ ಬಿಡುತ್ತಿದ್ದರು. ಹೇಗೋ ನಡೆಯಿತು.

ಗೋಡೆಗೆಲ್ಲ ರಬ್ಬರ್ ಹಾಕಿಯಾಗಿತ್ತು, ತಳ ಉಳಿದಿತ್ತು. ಒಂದು ಮಧ್ಯಾಹ್ನ ಅಂಟಿಸುವ ಗಂಡಸರು ಊಟಕ್ಕೆ ಹೋದರು. ಅವರು ಬರುವುದರೊಳಗೆ ತಳದ ಭಾಗ ಒರೆಸಿ ಮುಗಿಸಬೇಕು ಎಂದು ವೀರೇಶ ಅವಸರ ಮಾಡಿದ. ಹೊರಗೆ ಗಾಳಿ ಎದ್ದಿತ್ತು, ಅಂಗಳದ ಕೆಂಪು ಧೂಳು ಫ್ಯಾನಿನ ಗಾಳಿಯ ಜೊತೆ ಒಳಗೆ ಬರುತ್ತಿತ್ತು. ಧೂಳು ಕೂತರೆ ರಬ್ಬರ್ ಹಿಡಿಯುವುದಿಲ್ಲವಂತೆ. ಅವನು ಫ್ಯಾನು ಬಂದ್ ಮಾಡಿದ.

"ಲೇ ತಮ್ಮಾ, ಉಸುರು ಕಟ್ಟತೈತಿ" ಎಂದು ಒಳಗಿನಿಂದ ಕೂಗಿದೆ.

"ಸ್ವಲ್ಪ ತಡ್ಕೋ ಆಯಿ. ಲಗೂನ ಒರಸ್ರಿ, ಲಗೂನ ಹೊರಗ ಬರ್ರಿ" ಎಂದು ಹೇಳಿ ಎಲ್ಲಿಗೋ ಹೋದ. ಕಂಡಿಯ ಬಳಿ ಒಬ್ಬರನ್ನೂ ನಿಲ್ಲಿಸಲಿಲ್ಲ.

ಒರೆಸುತ್ತ ಇದ್ದೆವು. ಹುಲಿಗೆವ್ವ ತನ್ನಷ್ಟಕ್ಕೆ ನಗಲು ಶುರು ಮಾಡಿದಳು. ಗಂಡ ಸತ್ತ ಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. "ದೊಡ್ಡವ್ವ, ಈ ಗ್ವಾಡಿ ಉಸುರಾಡಾಕತ್ತೈತಿ ನೋಡು" ಎಂದಳು. ನನಗೂ ನಗು ಬಂತು. ಯಾಕೆ ಬಂತು ಎಂದು ಗೊತ್ತಿಲ್ಲ. ಆಮೇಲೆ ಅವಳ ಕೈಯಿಂದ ಬಟ್ಟೆ ಜಾರಿತು. ಅವಳೂ ಜಾರಿದಳು. ಕೂತಲ್ಲಿಯೇ ಪಕ್ಕಕ್ಕೆ ವಾಲಿ ಬಿದ್ದಳು.

"ಹುಲಿಗೆವ್ವ! ಏ ಹುಲಿಗೆವ್ವ!" ಕೆನ್ನೆಗೆ ಹೊಡೆದೆ. ಕಣ್ಣು ಅರ್ಧ ತೆರೆದಿತ್ತು, ನೋಟ ಇರಲಿಲ್ಲ. ಜನ ಬರಲಿ ಎಂದು ಗೋಡೆ ಬಡಿದೆ. ಬರಿಯ ಉಕ್ಕಾಗಿದ್ದರೆ ಗುಡಿಯ ಗಂಟೆಯ ಹಾಗೆ ಕೇಳುತ್ತಿತ್ತು. ರಬ್ಬರ್ ಅಲ್ಲವೇ, ಎಷ್ಟು ಬಡಿದರೂ ಹಾಸಿಗೆ ಬಡಿದ ಹಾಗೆ. ನನ್ನ ಕಾಲು ನನ್ನ ಮಾತು ಕೇಳುತ್ತಿರಲಿಲ್ಲ. ಗೋಡೆ ಹಿಡಿದು ಹಿಡಿದು ಕಂಡಿಗೆ ಬಂದು, ತಲೆ ಹೊರಗೆ ಹಾಕಿ, ಹೊಟ್ಟೆಯಲ್ಲಿದ್ದ ಉಸಿರೆಲ್ಲ ತೆಗೆದು ಕೂಗಿದೆ.

ನೆರಳಲ್ಲಿ ಬುತ್ತಿ ಬಿಚ್ಚಿ ಕೂತಿದ್ದ ಎಲ್ಲವ್ವ ಕೈಯಲ್ಲಿದ್ದ ರೊಟ್ಟಿ ಎಸೆದು ಓಡಿ ಬಂದಳು. ನಾನು ತಿರುಗಿ ಹೋಗಿ ನನ್ನ ಸೀರೆಯ ಸೆರಗನ್ನು ಹುಲಿಗೆವ್ವನ ಕಂಕುಳ ಕೆಳಗೆ ಸುತ್ತಿ, ಕಂಡಿಯವರೆಗೆ ಎಳೆದು ತಂದೆ. ನಾನು ಕೆಳಗಿನಿಂದ ಹೆಗಲು ಕೊಟ್ಟೆ. ಎಲ್ಲವ್ವ ಎರಡೂ ಕೈ ಒಳಗೆ ಹಾಕಿ ಅವಳ ರಟ್ಟೆ ಹಿಡಿದು ಎಳೆದಳು. ಕಂಡಿಯ ಅಂಚಿಗೆ ತಾಗಿ ಎಲ್ಲವ್ವನ ಬಳೆಗಳೆಲ್ಲ ಪಟಪಟ ಒಡೆದವು. ಕೈಯಿಂದ ರಕ್ತ ಇಳಿಯಿತು. ಅವಳು ಬಿಡಲಿಲ್ಲ. ಅಷ್ಟರಲ್ಲಿ ಉಳಿದವರೂ ಬಂದರು. ಹುಲಿಗೆವ್ವ ಹೊರಗೆ ಬಿದ್ದಳು.

ಒಳಗೆ ಉಳಿದವಳು ನಾನೊಬ್ಬಳೇ. ಆಗ ವೀರೇಶ ಓಡಿ ಬಂದ. ನೆಲದ ಮೇಲೆ ಹುಲಿಗೆವ್ವ ಬಿದ್ದಿದ್ದಳು, ಅವಳನ್ನು ದಾಟಿಕೊಂಡು ಬಂದ. ಕಂಡಿಯಲ್ಲಿ ತಲೆ ಹಾಕಿ ನೋಡಿದ.

"ಅಯ್ಯಯ್ಯೋ! ಮತ್ತ ಬಳಿ ಚೂರು ಬಿದ್ದಾವಲ್ಲ! ಆಯಿ, ಕಾಲ್ ಎತ್ತಬ್ಯಾಡ. ತುಳಿದ್ರ ಪುಡಿ ಆಗಿ ಹಾಳಿ ಅಡಿಗೆ ಸೇರತಾವು. ಅಲ್ಲೇ ನಿಂದ್ರು!"

ನಿಂದ್ರು ಎಂದ. ನನಗೆ ಕಣ್ಣು ಕತ್ತಲೆ ಬರುತ್ತಿತ್ತು, ಇವನು ನಿಂದ್ರು ಎಂದ. ಎಲ್ಲವ್ವ ಅವನನ್ನು ರಕ್ತದ ಕೈಯಿಂದಲೇ ದಬ್ಬಿದಳು. "ಸರಿಯೋ ಅತ್ಲಾಗ, ಹೆಣ ಎತ್ತಿದ ಮ್ಯಾಲ ಹಾಳಿ ಎಣಿಸ್ತೀಯೇನು?" ಎಂದು ನನ್ನ ಕೈ ಹಿಡಿದು ಎಳೆದಳು. ನಾನು ಚೂರು ತುಳಿದುಕೊಂಡೇ ಹೊರಗೆ ಬಂದೆ.

ಗಾಳಿಗೆ ಮಲಗಿಸಿದ ಮೇಲೆ ಹುಲಿಗೆವ್ವ ವಾಂತಿ ಮಾಡಿದಳು, ಕಣ್ಣು ಬಿಟ್ಟಳು. ಟೆಂಪೋದಲ್ಲಿ ಹಾಕಿಕೊಂಡು ಕೊಪ್ಪಳದ ಆಸ್ಪತ್ರೆಗೆ ಹೋದೆವು. ಇನ್ನು ಸ್ವಲ್ಪ ಹೊತ್ತು ಒಳಗೇ ಇದ್ದಿದ್ದರೆ ಬದುಕುತ್ತಿರಲಿಲ್ಲ ಎಂದು ಡಾಕ್ಟರರು ಹೇಳಿದರು. ಅವಳ ಮಕ್ಕಳು ಸಾಲೆಯ ಬಟ್ಟೆಯಲ್ಲೇ ಬಂದು ಮಂಚದ ಕಾಲು ಹಿಡಿದುಕೊಂಡು ನಿಂತಿದ್ದವು.

ಮರುದಿನ ನಾನು ಕಾರ್ಖಾನೆಗೆ ಹೋದೆ. ಕೆಲಸಕ್ಕಲ್ಲ. ಆ ಟ್ಯಾಂಕಿನ ಕೆಲಸ ನೋಡಿಕೊಳ್ಳುವ ಕಾರ್ಖಾನೆಯ ಎಂಜಿನಿಯರ್ ಸಾಹೇಬರನ್ನು ದಾರಿಯಲ್ಲೇ ತಡೆದು ನಿಲ್ಲಿಸಿದೆ. "ಫ್ಯಾನ್ ಯಾಕ್ರಿ ಬಂದ್ ಮಾಡ್ಸಿದ್ರಿ?" ಎಂದು ಕೇಳಿದೆ.

"ನಾನು ಮಾಡಿಸಿಲ್ಲಮ್ಮ, ವೀರೇಶನ್ನ ಕೇಳು."

ವೀರೇಶ ಪಕ್ಕದಲ್ಲೇ ಇದ್ದ. "ಹಾಳಿ ಕೆಟ್ರ ನನ್ನ ಕೆಲಸ ಹೋಗತೈತಿ ಅಂತ ನೀವ ಅಂದಿದ್ರಲ್ರಿ ಸಾಹೇಬ್ರ" ಎಂದ.

"ಹಾಳಿ ಕೆಟ್ರ ಕೆಲಸ ಹೋಗತೈತಿ. ನಾವು ಸತ್ರ ಏನ್ ಹೋಗತೈತ್ರಿ?" ಎಂದೆ.

ನಾನು ಆವತ್ತೇ ಕೆಲಸ ಬಿಟ್ಟೆ. ನನಗೆ ಮಗ ಇದ್ದಾನೆ, ಬಿಡಬಹುದು. ಹುಲಿಗೆವ್ವ ಬಿಡುವ ಹಾಗಿರಲಿಲ್ಲ. ಮೈ ಸುಧಾರಿಸಿದ ಮೇಲೆ ಅವಳು ಹೋದ ದಿನವೇ ವೀರೇಶ ಇನ್ನೊಂದು ಟ್ಯಾಂಕು ತೋರಿಸಿ, "ಕೈ ಖಾಲಿ ಇದ್ದಾಕಿ ನೀನ ಉಳಿದೀ, ನಾಳಿಂದ ಇದಕ್ಕ ಇಳಿ" ಎಂದನಂತೆ. ಸಂಜೆ ಬಂದು ನನ್ನ ಮುಂದೆ ಕೂತು ಅತ್ತಳು. ಅಳುವುದನ್ನು ನೋಡುತ್ತ ಕೂರುವುದು ನನಗಾಗದು.

"ಏಳು" ಎಂದೆ. ಬಳೆಗಾರನ ಹತ್ತಿರ ಕರೆದುಕೊಂಡು ಹೋದೆ. ಅವನು ಅವಳ ಹಣೆ ನೋಡಿದ, ನನ್ನ ಮುಖ ನೋಡಿದ. "ಯವ್ವಾ, ಈಕಿಗೆ..." ಎಂದು ತಡೆದ. "ಕೈ ಅಳತಿ ನೋಡಪಾ, ಹಣೆ ನೋಡಬ್ಯಾಡ" ಎಂದೆ. ಎರಡೂ ಕೈತುಂಬ ಗಾಜಿನ ಬಳೆ ತೊಡಿಸಿದ.

ಮನೆಗೆ ಬಂದಾಗ ಅವಳ ಅತ್ತೆ ಬಾಗಿಲಲ್ಲೇ ಎದೆ ಬಡಿದುಕೊಂಡಳು. "ನನ್ನ ಮಗ ಮಣ್ಣಾಗ ಅದಾನ, ಈಕಿ ಬಳಿ ಇಟ್ಕಂಡು ಬಂದಾಳ! ಊರು ಏನಂದೀತು?"

"ಊರು ಬಂದು ಆ ಟ್ಯಾಂಕಿನ್ಯಾಗ ಇಳೀತೈತೇನು? ಇಳಿಯೂದಿದ್ರ ಹೇಳು, ಈಗ ಬಿಚ್ಚಸ್ತೀನಿ" ಎಂದೆ.

ಆ ಮುದುಕಿ ಇವತ್ತಿಗೂ ನನ್ನೊಡನೆ ಮಾತಾಡುವುದಿಲ್ಲ. ಊರಿನ ಕೆಲವರು ಹಿಂದಿನಿಂದ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಮರುದಿನ ವೀರೇಶ ಬಳೆ ನೋಡಿ ಅವಳನ್ನು ಗುಡಿಸುವ ಕೆಲಸಕ್ಕೆ ಕಳಿಸಿದ. ಒಳಗೆ ಒರೆಸಲು ಮಾಸ್ಕ್ ಇರುವ ಗಂಡಸರೇ ಇಳಿದರಂತೆ. ಫ್ಯಾನೂ ತಿರುಗಿತಂತೆ. ಅಂದರೆ ಮೊದಲೇ ಅದೆಲ್ಲ ಆಗಬಹುದಿತ್ತು.

ಜನ ನನ್ನನ್ನು ಜಾಣೆ ಎನ್ನುತ್ತಾರೆ. ನನಗೆ ಅದು ಹಿಡಿಸುವುದಿಲ್ಲ. ಆ ಹುಡುಗಿಗೆ ಎರಡು ಮಕ್ಕಳಿವೆ ಎಂದು ಹೇಳಿದ್ದೆವು, ನಡೆಯಲಿಲ್ಲ. ಸಾಯುವಷ್ಟಾಗಿದ್ದಳು ಎಂದು ಹೇಳಿದ್ದೆವು, ನಡೆಯಲಿಲ್ಲ. ಕೈಯಲ್ಲಿ ಗಾಜಿನ ಬಳೆ ಕಂಡ ಕೂಡಲೇ ನಡೆಯಿತು. ರಬ್ಬರಿಗೆ ಗಾಜು ಚುಚ್ಚೀತು ಎಂಬ ಹೆದರಿಕೆಯಿಂದ ಒಂದು ಜೀವ ಉಳಿಯಿತೇ ಹೊರತು, ಅದು ಜೀವ ಎಂಬ ಕಾರಣಕ್ಕೆ ಉಳಿಯಲಿಲ್ಲ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.