ಶಿವಸಾಗರಕ್ಕೆ ಹೋದ ಗಚ್ಚಿನ ತುಂಡು

ಹಾವೇರಿಯಲ್ಲಿ ನಮ್ಮ ಮನೆಯ ಹಿಂದಿನ ರಸ್ತೆಯಲ್ಲಿ ಯಾರೋ ಹೊಸ ಮನೆ ಕಟ್ಟಿಸುತ್ತಿದ್ದಾರೆ. ಮೊನ್ನೆ ಬೆಳಿಗ್ಗೆ ಹಾಲು ತರಲು ಹೋದಾಗ ಅಲ್ಲಿ ಒಂದು ಹಳೆಯ ಡ್ರಮ್ಮಿನಲ್ಲಿ ಸುಣ್ಣದ ಕಲ್ಲು ಹಾಕಿ ನೀರು ಸುರಿದರು. ಬುಸ್ಸೆಂದು ಕುದಿದು ಬಿಳಿ ಹೊಗೆ ಎದ್ದಿತು. ಮೂಗಿನೊಳಗೆ ಸಣ್ಣಗೆ ಸುಡುವ, ಬಿಸಿ ಕಲ್ಲಿನ ಮೇಲೆ ಮಳೆ ಬಿದ್ದಂಥ ಆ ವಾಸನೆ... ಹಾಲಿನ ಪಾಕೀಟು ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಬ್ಯಾಡಗಿಯ ನಮ್ಮ ಗೌಂಡಿ ಅಜ್ಜ ಹತ್ತಿರ ಬಂದರೆ ಇದೇ ವಾಸನೆ ಬರುತ್ತಿತ್ತು.

ಆಗ ನಾವು ಬ್ಯಾಡಗಿಯಲ್ಲೇ ಇದ್ದೆವು. ಅವನು ನಮ್ಮ ಓಣಿಯವನು, ನಮ್ಮ ಮನೆಯಿಂದ ಮೂರನೆಯ ಮನೆ. ಸಂಬಂಧಿಕನೇನಲ್ಲ, ಆದರೂ ಓಣಿಗೆಲ್ಲ ಅಜ್ಜ. ಸುಣ್ಣ, ಮರಳು, ಬೆಲ್ಲದ ನೀರು, ಅಳಲೆಕಾಯಿ ರಸ ಕೂಡಿಸಿ ಅರೆದು ಗೋಡೆ ಕಟ್ಟುವ ಗಚ್ಚಿನ ಕೆಲಸ ಊರಲ್ಲಿ ಅವನೊಬ್ಬನಿಗೇ ಬರುತ್ತಿತ್ತು. ಕೆಲಸ ಬಲ್ಲವನು ಉಳಿದಿದ್ದನೇ ಹೊರತು ಕೆಲಸ ಕೊಡುವವರು ಉಳಿದಿರಲಿಲ್ಲ. ಎಲ್ಲರಿಗೂ ಸಿಮೆಂಟು ಬೇಕಾಗಿತ್ತು. ಗಿಡ್ಡ ಆಳು, ಸುಣ್ಣದ ಝಳಕ್ಕೆ ರೆಪ್ಪೆಗೂದಲು ಉದುರಿ ಹೋಗಿದ್ದವು. ಅವನಿಗೊಂದು ಚಾಳಿ ಇತ್ತು. ಯಾವ ಹಳೆಯ ಗೋಡೆ ಕಂಡರೂ ಉಫ್ ಎಂದು ಧೂಳು ಊದಿ, ಗಚ್ಚಿಗೆ ನಾಲಿಗೆಯ ತುದಿ ಹಚ್ಚಿ ನೋಡುವುದು. "ನಾಲಿಗಿ ಹಿಡದ್ರ ಗಚ್ಚು ಜೀವಂತ ಐತಿ. ಜಾರಿದ್ರ ಮುಗೀತು" ಎನ್ನುತ್ತಿದ್ದ. ಮದುವೆಗೆ ಕರೆದುಕೊಂಡು ಹೋದರೆ ಬೀಗರ ಮನೆಯ ಗೋಡೆಯನ್ನೂ ಬಿಡುತ್ತಿರಲಿಲ್ಲ. ನನಗೆ ನಾಚಿಕೆಯಿಂದ ತಲೆ ಎತ್ತಲಾಗುತ್ತಿರಲಿಲ್ಲ.

ಎರಡು ಸಾವಿರದ ಆರೋ ಏಳೋ ಇರಬೇಕು. ನಮ್ಮ ಓಣಿಯ ಗರಡಿಮನೆಯ ಪಶ್ಚಿಮದ ಗೋಡೆ ಮಳೆಗೆ ಹೊಟ್ಟೆ ಬಿಟ್ಟುಕೊಂಡಿತು. ಆ ಗರಡಿಮನೆ ಕಟ್ಟಿದ್ದು ಅಜ್ಜನ ಅಪ್ಪ. ಗರಡಿ ಕಮಿಟಿಯ ಅಧ್ಯಕ್ಷರು ಮೆಣಸಿನಕಾಯಿ ಪೇಟೆಯ ದಲಾಲರು, ಹರೆಯದಲ್ಲಿ ಹೆಸರು ಮಾಡಿದ ಪೈಲ್ವಾನರು. ರಾಣೆಬೆನ್ನೂರಿನಿಂದ ಒಬ್ಬ ಗುತ್ತಿಗೆದಾರರನ್ನು ಕರೆಸಿದರು. ಅವರು ಗೋಡೆಗೆ ಕೊಡೆಯ ತುದಿಯಿಂದ ಎರಡು ಸಲ ಚುಚ್ಚಿ, ಪೂರಾ ಕೆಡವಿ ಸ್ಲ್ಯಾಬು ಹಾಕುವುದೇ ಸರಿ ಎಂದು ತೀರ್ಪು ಕೊಟ್ಟರು. ಗರಡಿಯಲ್ಲೇ ಕೂಡಿದ್ದ ಕಮಿಟಿಯ ಸಭೆಯಲ್ಲಿ ಅಜ್ಜ ಎದ್ದು ನಿಂತು, ಕೆಡವಬೇಡಿ, ಹೊಟ್ಟೆ ಬಿಟ್ಟಷ್ಟೇ ಬಿಚ್ಚಿ ಮತ್ತೆ ಗಚ್ಚಿನಲ್ಲಿ ಕಟ್ಟಿಕೊಡುತ್ತೇನೆ, ಬೆಲ್ಲ, ಅಳಲೆಕಾಯಿ ಇಷ್ಟು ಕೊಡಿಸಿರಿ ಸಾಕು ಎಂದ.

"ಏ ಅಜ್ಜಾ, ಗ್ವಾಡಿ ಕಟ್ಟಾಕತ್ತೀಯೋ, ಹೋಳಿಗಿ ಮಾಡಾಕತ್ತೀಯೋ?" ಎಂದರು ಅಧ್ಯಕ್ಷರು. ಕೂತವರೆಲ್ಲ ನಕ್ಕರು. ಅಜ್ಜ ನಗಲಿಲ್ಲ. ಹೊಟ್ಟೆ ಬಿಟ್ಟ ಗೋಡೆಯ ಹತ್ತಿರ ಹೋಗಿ ಅಂಗೈ ಹಚ್ಚಿ ನಿಂತ.

ನನಗೆ ಸಿಟ್ಟು ಬೇಗ ಬರುತ್ತದೆ, ವಿವೇಕ ನಿಧಾನಕ್ಕೆ. ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವ ಮಾಸ್ತರ ಬೇರೆ. ಎದ್ದು ಒಂದು ಭಾಷಣವನ್ನೇ ಬಿಗಿದೆ. ಆಸ್ಸಾಮಿನಲ್ಲಿ ಶಿವಸಾಗರ ಅಂತ ಊರಿದೆ, ಆಹೋಮ್ ಅರಸರ ರಾಜಧಾನಿ, ಅಲ್ಲಿನ ಅರಮನೆಗಳನ್ನು ಅಂಟು ಅಕ್ಕಿ, ಉದ್ದು, ಬಾತುಕೋಳಿ ಮೊಟ್ಟೆ ಹಾಕಿ ಅರೆದ ಗಚ್ಚಿನಲ್ಲೇ ಕಟ್ಟಿದ್ದಾರೆ, ಮೇಲಿಂದ ಮೇಲೆ ಭೂಮಿ ನಡುಗುವ ಸೀಮೆಯಲ್ಲಿ ಇವತ್ತಿಗೂ ನಿಂತಿವೆ ಎಂದೆ.

"ನೋಡೀರೇನ್ರಿ ಮಾಸ್ತರ?" ಎಂದರು ಅಧ್ಯಕ್ಷರು.

"ಓದೀನ್ರಿ" ಎಂದೆ. ಈ ಸಲ ಮೊದಲಿಗಿಂತ ಜೋರಾಗಿ ನಕ್ಕರು. ನಗೆ ನಿಂತ ಮೇಲೆ ಅಜ್ಜ ಸಾವಕಾಶವಾಗಿ ಹೇಳಿದ, "ಹಂಗಾರ ನಾವಿಬ್ರೂ ಹೋಗಿ ನೋಡ್ಕೊಂಡು ಬರ್ತೀವಿ. ಅಲ್ಲೀತನಾ ನಮ್ಮಪ್ಪನ ಗ್ವಾಡಿ ಮುಟ್ಟಬ್ಯಾಡ್ರಿ." ಅಧ್ಯಕ್ಷರು ಹಟವಾದಿಗಳಾದರೂ ಕುಸ್ತಿ ಕಣದ ಮನುಷ್ಯರು, ಪಂದ್ಯ ಎಂದರೆ ಪಂದ್ಯ. ಖರೆ ಎಂದು ತೋರಿಸಿದರೆ ಆ ಒಂದು ಗೋಡೆಯ ಕೆಲಸ ಅಜ್ಜನಿಗೆ. ಒಂದು ಮಳೆಗಾಲ ತಡೆದರೆ ಉಳಿದ ಮೂರೂ ಅವನಿಗೇ. ಸುಳ್ಳಾದರೆ ಬಂದ ಮರುದಿನವೇ ಕೆಡವುವುದು.

ಹೋಗಲು ನನಗೊಂದು ನೆಪವಿತ್ತು. ತಂಗಿಯ ಗಂಡ ಸೈನ್ಯದಲ್ಲಿದ್ದು ಆಗ ಶಿವಸಾಗರದ ಹತ್ತಿರದ ಜೋರ್ಹಾಟಿನಲ್ಲಿದ್ದರು, ತಂಗಿಯೂ ಅಲ್ಲೇ ಇದ್ದಳು. ದಸರಾ ರಜೆಯಲ್ಲಿ ಅವಳಿಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಒಂದು ಚೀಲ ನಮ್ಮ ಮೆಣಸಿನಕಾಯಿ ಕಟ್ಟಿಕೊಂಡು ಹೊರಟೆವು. ಅಜ್ಜನದು ಒಂದು ಕೈಚೀಲ ಮಾತ್ರ. ರೈಲಿನಲ್ಲಿ ಎಷ್ಟು ಹಗಲು, ಎಷ್ಟು ರಾತ್ರಿ... ಲೆಕ್ಕ ತಪ್ಪಿತ್ತು. ಮೆಣಸಿನಕಾಯಿಯ ಘಾಟಿಗೆ ಡಬ್ಬಿಯ ಜನರೆಲ್ಲ ಸೀನಿದರು, ನಾವಿಬ್ಬರು ಮಾತ್ರ ಹಾಯಾಗಿ ಮಲಗಿದೆವು. ಆದರೆ ನನ್ನ ಎದೆಯಲ್ಲಿ ಒಂದು ಅಳುಕು ಇದ್ದೇ ಇತ್ತು. ಓದಿದ್ದು ಸುಳ್ಳಾಗಿದ್ದರೆ? ಎಪ್ಪತ್ತರ ಮುದುಕನನ್ನು ದೇಶದ ಆ ತುದಿಗೆ ಎಳೆದುಕೊಂಡು ಹೊರಟಿದ್ದು ನನ್ನ ಬಾಯಿಯ ಚಪಲ.

ಜೋರ್ಹಾಟಿನಿಂದ ಬಸ್ಸು ಹಿಡಿದು ಶಿವಸಾಗರ ಮುಟ್ಟಿದಾಗ ಬಿಸಿಲು ಏರಿತ್ತು. ಊರ ಹೊರಗೆ, ಹಸಿರು ಹುಲ್ಲಿನ ಬಯಲಲ್ಲಿ ರಂಗ್‌ಘರ್ ಕಂಡಿತು. ಎರಡು ಅಂತಸ್ತು, ಸಾಲು ಕಮಾನುಗಳು, ಮೇಲೆ ದೋಣಿಯನ್ನು ಬೋರಲು ಹಾಕಿದಂಥ ಮಾಳಿಗೆ. ಅರಸರು ಕೂತು ಕೋಣಗಳ ಕಾಳಗ, ಮಲ್ಲರ ಕುಸ್ತಿ ನೋಡುತ್ತಿದ್ದ ಮನೆಯಂತೆ. ಎರಡೂವರೆ ನೂರು ವರ್ಷದ ಕಟ್ಟಡ. ಅಜ್ಜ ಬಾಗಿಲಲ್ಲಿ ಚಪ್ಪಲಿ ಬಿಟ್ಟ. ಗುಡಿಯಲ್ಲ ಎಂದು ಹೇಳಿದರೂ ಕೇಳಲಿಲ್ಲ.

ಒಳಗೆ ಹೋದವನೇ ಅಂಗೈಯಿಂದ ಗೋಡೆ ಸವರಿದ. ಉಫ್ ಎಂದು ಊದಿದ. ಬೇಡ ಅಜ್ಜಾ, ಬೇಡ ಎನ್ನುವಷ್ಟರಲ್ಲಿ ನಾಲಿಗೆ ಹಚ್ಚಿಯೇ ಬಿಟ್ಟಿದ್ದ. ಆಮೇಲೆ ಅಂಗಿಯ ಜೇಬಿನಿಂದ ನಿಂಬೆಹಣ್ಣಿನಷ್ಟು ಗಚ್ಚಿನ ತುಂಡೊಂದನ್ನು ತೆಗೆದು ಗೋಡೆಯ ಪಕ್ಕ ಹಿಡಿದು ನೋಡಿ, ಅದನ್ನೂ ನೆಕ್ಕಿ, ಮತ್ತೆ ಜೇಬಿಗಿಳಿಸಿದ. ಗರಡಿಮನೆಯ ಗೋಡೆಯಿಂದ ಉದುರಿದ ತುಂಡು ಅದು, ಅವನ ಅಪ್ಪನ ಕೈಯ ಗಚ್ಚು. ಅದನ್ನು ತಂದಿದ್ದಾನೆಂದು ನನಗೂ ಗೊತ್ತಿರಲಿಲ್ಲ. ಕಾವಲುಗಾರ ನೋಡಿದ್ದು ಇಷ್ಟೇ: ಯಾರೋ ಮುದುಕ ಅರಸರ ಗೋಡೆ ನೆಕ್ಕಿ, ಚೂರು ಮುರಿದು ಕಿಸೆಗೆ ಹಾಕಿಕೊಂಡ.

ಸೀಟಿ ಊದಿದ. ಇನ್ನಿಬ್ಬರು ಓಡಿ ಬಂದರು. ಪೊಲೀಸು ಎಂಬ ಮಾತು ನನಗೆ ಚೆನ್ನಾಗಿ ಕೇಳಿಸಿತು. ನನ್ನ ಹರಕು ಹಿಂದಿ ಆ ಹೊತ್ತಿಗೆ ಪೂರ್ತಿ ಹರಿಯಿತು. ಜೈಲು, ಸಸ್ಪೆಂಡು, ಹೆಡ್‌ಮಾಸ್ತರರ ಮುಖ ಎಲ್ಲ ಒಮ್ಮೆಗೇ ಕಣ್ಣೆದುರು ಬಂದವು. ಅಜ್ಜ ಮಾತ್ರ ಜೇಬನ್ನು ಎರಡೂ ಕೈಯಿಂದ ಮುಚ್ಚಿಕೊಂಡು, "ಇದು ನಮ್ಮಪ್ಪಂದು, ಇದು ನಮ್ಮಪ್ಪಂದು" ಎಂದು ಕನ್ನಡದಲ್ಲೇ ಹೇಳುತ್ತಿದ್ದ.

ಕಟ್ಟಡದ ಹಿಂಬದಿಯಲ್ಲಿ ದುರಸ್ತಿ ನಡೆದಿತ್ತು. ಕಾವಲುಗಾರ ನಮ್ಮನ್ನು ಅಲ್ಲಿಗೆ ಕರೆದೊಯ್ದು, ಅಜ್ಜನ ಜೇಬಿನಿಂದ ಆ ತುಂಡನ್ನು ತೆಗೆದು ಅಲ್ಲಿದ್ದ ಮುದಿ ಗೌಂಡಿಯ ಕೈಗೆ ಕೊಟ್ಟ. ಎಲ್ಲಿಂದ ಮುರಿದದ್ದು ಹೇಳು ಎಂದಿರಬೇಕು. ಆತ ಅಜ್ಜನಿಗಿಂತ ಗಿಡ್ಡ. ಅವನಿಗೂ ರೆಪ್ಪೆಗೂದಲಿರಲಿಲ್ಲ. ತುಂಡನ್ನು ಹೊರಳಿಸಿ ನೋಡಿದ, ಹೆಬ್ಬೆರಳಿನಿಂದ ತಿಕ್ಕಿದ. ಆಮೇಲೆ, ನನ್ನಾಣೆ, ಉಫ್ ಎಂದು ಊದಿ ನಾಲಿಗೆಯ ತುದಿಗೆ ಹಚ್ಚಿದ!

ಅಜ್ಜ ಗಟ್ಟಿಯಾಗಿ ನಕ್ಕುಬಿಟ್ಟ. ಅಷ್ಟು ಹೊತ್ತು ಮುಖದಲ್ಲಿದ್ದ ಹೆದರಿಕೆ ಎಲ್ಲಿ ಹೋಯಿತೋ.

"ಯೇ ಹಮಾರಾ ನಹೀ ಹೈ" ಎಂದ ಆತ, ಇದು ನಮ್ಮದಲ್ಲ ಎಂದು. ಅವರ ಗಚ್ಚಿನಲ್ಲಿ ಇಟ್ಟಿಗೆಯ ಪುಡಿ, ಬಣ್ಣ ಕೆಂಪು. ಇದರಲ್ಲಿ ನಮ್ಮ ವರದಾ ಹೊಳೆಯ ಮರಳಿನ ಕಪ್ಪು ಹರಳುಗಳು. ಕಾವಲುಗಾರನಿಗೆ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದ. ಆಮೇಲೆ ಅಜ್ಜನ ಕಡೆ ತಿರುಗಿ, ಇದನ್ನು ಮಾಡಿದ್ದು ನೀನೇ ಏನು ಎಂದು ಕೇಳುವಂತೆ ಬೆರಳು ತೋರಿಸಿದ. ಅಜ್ಜ ಆಕಾಶದ ಕಡೆ ಕೈ ತೋರಿಸಿ "ಅಪ್ಪ" ಎಂದ. ಆತನಿಗೆ ತಿಳಿಯಿತು.

ಮುಂದಿನ ಎರಡು ತಾಸು ನಾನು ಲೆಕ್ಕಕ್ಕೇ ಇರಲಿಲ್ಲ. ಇಬ್ಬರಿಗೂ ಕೂಡಿದ ಒಂದು ಭಾಷೆಯಿಲ್ಲ, ಆದರೂ ಮಾತು ನಿಲ್ಲಲಿಲ್ಲ. ಆತ ಒಂದು ಬಕೀಟಿನ ಮುಚ್ಚಳ ತೆಗೆದ. ಒಳಗೆ ಅಂಟು ಅಕ್ಕಿಯ ಗಂಜಿ. ಇನ್ನೊಂದರಲ್ಲಿ ರುಬ್ಬಿದ ಉದ್ದು. ಬುಟ್ಟಿಯಲ್ಲಿ ಬಾತುಕೋಳಿ ಮೊಟ್ಟೆ. ಅಜ್ಜ ಗಂಜಿಗೆ ಬೆರಳದ್ದಿ ಬಾಯಿಗೆ ಹಚ್ಚಿಕೊಂಡು ನನ್ನತ್ತ ಕೂಗಿದ, "ಮಾಸ್ತರ, ನೀ ಹೇಳಿದ್ದು ಖರೇನ ಐತಲ್ಲೋ!" ಬ್ಯಾಡಗಿ ಬಿಟ್ಟಾಗಿನಿಂದ ಹಿಡಿದಿಟ್ಟ ಉಸಿರನ್ನು ನಾನು ಆಗ ಬಿಟ್ಟೆ.

ಹೊರಡುವ ಹೊತ್ತಿಗೆ ಅಜ್ಜ ಆತನ ಸುತ್ತಿಗೆ ಇಸಿದುಕೊಂಡು ಅಪ್ಪನ ಗಚ್ಚಿನ ತುಂಡನ್ನು ಕಲ್ಲಿನ ಮೇಲಿಟ್ಟು ಹೊಡೆದ. ಮೊದಲ ಏಟಿಗೆ ಒಡೆಯಲಿಲ್ಲ, ಎರಡನೆಯದಕ್ಕೂ ಇಲ್ಲ. ಪ್ರತಿ ಏಟಿಗೂ ಇಬ್ಬರು ಮುದುಕರು ಮುಖ ಮುಖ ನೋಡಿ ನಗುತ್ತಿದ್ದರು. ಮೂರನೆಯದಕ್ಕೆ ಒಡೆಯಿತು. ಅರ್ಧ ಅವನಿಗೆ ಕೊಟ್ಟ. ಆತ ತನ್ನ ಹೆಗಲ ಮೇಲಿದ್ದ ಕೆಂಪಂಚಿನ ಬಿಳಿ ಗಮೋಸಾ ತೆಗೆದು ಅಜ್ಜನ ಕೊರಳಿಗೆ ಹಾಕಿದ. ಆ ಸೀಮೆಯಲ್ಲಿ ದೊಡ್ಡವರಿಗೆ ಮರ್ಯಾದೆ ಮಾಡುವ ರೀತಿ ಅದು. ಅಜ್ಜ ಅದನ್ನು ಬ್ಯಾಡಗಿ ಮುಟ್ಟುವತನಕ ತೆಗೆಯಲಿಲ್ಲ.

ಊರಿಗೆ ಬಂದ ಮೇಲೆ ಅಧ್ಯಕ್ಷರ ಅಡತಿ ಅಂಗಡಿಯಲ್ಲಿ ಮೆಣಸಿನಕಾಯಿ ಚೀಲಗಳ ಮೇಲೆ, ತಂಗಿಯ ಕ್ಯಾಮೆರಾದಲ್ಲಿ ಅಲ್ಲಿ ತೆಗೆದಿದ್ದ ಫೋಟೋಗಳನ್ನು ನಾನು ಹರವಿದೆ. ಅವರು ಕನ್ನಡಕ ಏರಿಸಿ ಒಂದೊಂದನ್ನೇ ನೋಡಿದರು. "ಇದು ಯಾತರ ಕಟ್ಟಡ?" ಎಂದರು.

"ಅರಸರು ಕುಸ್ತಿ ನೋಡಾಕ ಕಟ್ಟಿಸಿದ್ದ್ರಿ" ಎಂದ ಅಜ್ಜ.

ಅಧ್ಯಕ್ಷರು ಆ ಫೋಟೋವನ್ನು ಮತ್ತೆ ಕೈಗೆ ತೆಗೆದುಕೊಂಡರು. ಆಮೇಲೆ ಬೆರಳು ಮಡಚುತ್ತ ಎಣಿಸಿದರು. "ಅಕ್ಕಿ, ಉದ್ದು, ಮೊಟ್ಟಿ... ನೀ ಅಂದಿದ್ದು ಬೆಲ್ಲ. ಅಂದ್ರ ಖುರಾಕು! ಪೈಲ್ವಾನಗ ಹಾಕೂದನ್ನ ಗ್ವಾಡಿಗೂ ಹಾಕ್ಯಾರ. ಇದನ್ನ ಅವತ್ತ ಹಿಂಗ ಹೇಳಬಾರದಿತ್ತೇನೋ ಅಜ್ಜಾ?" ಮರುದಿನವೇ ಬೆಲ್ಲದ ಪೆಂಟಿ ಬಂತು. ಗಚ್ಚು ಅರೆಯುವ ಗಾಣಕ್ಕೆ ಎತ್ತು ಬೇಡವೆಂದು ಗರಡಿಯ ಪೈಲ್ವಾನರೇ ಹೆಗಲು ಕೊಟ್ಟು ಕಲ್ಲು ತಿರುಗಿಸಿದರು. ಅಜ್ಜ ಗಮೋಸಾ ತಲೆಗೆ ಸುತ್ತಿಕೊಂಡು ಅವರನ್ನೆಲ್ಲ ಬೈದು ಬೈದು ಕೆಲಸ ತೆಗೆದ.

ಮುಂದಿನ ಮಳೆಗಾಲ ಹಗಲೂ ಇರುಳೂ ಸುರಿಯಿತು. ಮಳೆ ನಿಂತ ಮೇಲೆ ಎಲ್ಲರೂ ಗೋಡೆಯ ಮುಂದೆ ಕೂಡಿದೆವು. ಗುತ್ತಿಗೆದಾರರೂ ಬಂದು ಕೊಡೆಯ ತುದಿಯಿಂದ ಚುಚ್ಚಿದರು. ಈ ಸಲ ಬಾಗಿದ್ದು ಕೊಡೆ. ಪೈಲ್ವಾನರು ಹೋ ಎಂದು ಕೂಗಿ, ಕುಸ್ತಿ ಗೆದ್ದವನನ್ನು ಎತ್ತುವ ಹಾಗೆ ಅಜ್ಜನನ್ನು ಹೆಗಲ ಮೇಲೆ ಎತ್ತಿ ಓಣಿ ಸುತ್ತಿಸಿದರು. ಜನ್ಮದಲ್ಲಿ ಒಮ್ಮೆಯೂ ಕುಸ್ತಿ ಆಡದ ಮುದುಕ ಮೇಲೆ ಕೂತು ತೊಡೆ ತಟ್ಟುತ್ತಿದ್ದ. ಅಷ್ಟು ಖುಷಿ ಪಟ್ಟ ಮನುಷ್ಯನನ್ನು ನಾನು ಆಮೇಲೆ ಕಂಡಿಲ್ಲ.

ಉಳಿದ ಮೂರು ಗೋಡೆಗಳನ್ನೂ ಅವನೇ ಮುಗಿಸಿದ. ನಾಲ್ಕೈದು ವರ್ಷದ ನಂತರ ತೀರಿಕೊಂಡ. ನನಗಾಗ ಹಾವೇರಿಗೆ ವರ್ಗವಾಗಿತ್ತು. ಸುದ್ದಿ ತಿಳಿದು ಹೋಗುವಷ್ಟರಲ್ಲಿ ಮಣ್ಣು ಮುಗಿದಿತ್ತು. ಅದೊಂದು ನೋವು ಇವತ್ತಿಗೂ ಆರಿಲ್ಲ.

ಸುಣ್ಣದ ವಾಸನೆ ಬಡಿದ ಆ ದಿನ ಮನೆಗೆ ಹಾಲು ಮುಟ್ಟಿಸಿ, ನೇರ ಬ್ಯಾಡಗಿಯ ಬಸ್ಸು ಹತ್ತಿದೆ. ಗರಡಿಮನೆಯಲ್ಲಿ ಹನುಮಪ್ಪನ ಪಟದ ಪಕ್ಕದ ಗೂಟಕ್ಕೆ ಅಜ್ಜ ತೂಗುಹಾಕಿದ್ದ ಗಮೋಸಾ ಹಾಗೇ ಇತ್ತು. ಅಂಚಿನ ಕೆಂಪು ಮಾಸಿತ್ತು. ಮಧ್ಯಾಹ್ನ, ಯಾರೂ ಇರಲಿಲ್ಲ. ಪಶ್ಚಿಮದ ಗೋಡೆಯ ಹತ್ತಿರ ಹೋಗಿ, ಅತ್ತಿತ್ತ ನೋಡಿ, ಉಫ್ ಎಂದು ಧೂಳು ಊದಿ, ಜೀವಮಾನದಲ್ಲಿ ಮೊದಲ ಸಲ ನಾಲಿಗೆಯ ತುದಿ ಹಚ್ಚಿದೆ.

ಹಿಡಿಯಿತು. ಗಟ್ಟಿಯಾಗಿ ಹಿಡಿಯಿತು. "ಅಜ್ಜಾ" ಎಂದು ಹೊರಳಿದೆ, ಹೇಳಲು.