ಮೂವತ್ತೊಂಬತ್ತರ ಮುಂದೆ

ಈ ಸಲ ಜೂನ್ ಕೊನೆಯ ವಾರ, ಸೇಡಂನ ಒಂದು ಶಾಲೆಯ ಒಂದನೇ ತರಗತಿಯಲ್ಲಿ ಹುಡುಗಿಯೊಬ್ಬಳು ಎದ್ದು ನಿಂತು ಒಂದರಿಂದ ಮೂವತ್ತೊಂಬತ್ತರ ತನಕ ತಪ್ಪಿಲ್ಲದೆ ಎಣಿಸಿದಳು. ಆಮೇಲೆ ಕುಳಿತಳು. ನೆಲದ ಮೇಲಿದ್ದ ಪಾಟಿಯನ್ನು, ಅಂದರೆ ಸ್ಲೇಟನ್ನು, ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು, ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು, ಕಾಯತೊಡಗಿದಳು. ಏನೂ ಆಗಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ನನ್ನ ಮೊಬೈಲು ರಿಂಗಾಯಿತು.

ಹುಡುಗಿ ನನ್ನ ತಮ್ಮನ ಮೊಮ್ಮಗಳು, ಸೃಷ್ಟಿ. ಅವಳ ಅಪ್ಪ ಸಿಮೆಂಟ್ ಫ್ಯಾಕ್ಟರಿಯ ಪಾಳಿಯಲ್ಲಿದ್ದಾಗ ಫೋನ್ ಎತ್ತುವಂತಿಲ್ಲ, ಅಮ್ಮನಿಗೆ ಆಸ್ಪತ್ರೆಯಲ್ಲಿ ಡ್ಯೂಟಿ. ಶಾಲೆಯವರು ಮೂರನೆಯ ನಂಬರಿಗೆ ಹಚ್ಚಿದರು. ಪತ್ರಿಕೆಯ ಕೆಲಸ ಮುಗಿಸಿ ಮನೆಯಲ್ಲಿ ಕುಳಿತ ಮೇಲೆ ನಾನು ಬಹಳ ಜನರಿಗೆ ಮೂರನೆಯ ನಂಬರಾಗಿದ್ದೇನೆ.

"ಮನ್ಯಾಗ ಹುಡುಗಿಗಿ ಯಾರು ಪಾಠ ಹೇಳ್ತಾರ್ರಿ?" ಎಂದರು ಟೀಚರ್.

"ನಾನೇ ಹೇಳ್ತೀನ್ರಿ."

"ನಲವತ್ತು ಯಾಕ ಕಲಿಸಿಲ್ರಿ?"

"ಕಲಿಸೀನಲ್ರಿ."

"ಆಕಿ ಕಿವಿ ಮುಚ್ಕೊಂಡು ಕುಂತಾಳ್ರಿ ಸರ್. ಕೈ ತೆಗಿ ಅಂದ್ರ ತೆಗೀವಲ್ಲಳು. ಇನ್ನಾ ಆಗಿಲ್ಲ ಅಂತಾಳ."

"ಏನು ಆಗಿಲ್ಲ ಅಂತಾಳ್ರಿ?"

"ಅದ್ನ ನಾ ನಿಮಗ ಕೇಳಾಕತ್ತೀನಿ."

ವಿಚಾರಿಸಿ ಹೇಳುತ್ತೇನೆ ಎಂದೆ. ಪತ್ರಿಕೆಯಲ್ಲಿದ್ದಷ್ಟು ವರ್ಷ ಅಧಿಕಾರಿಗಳ ಬಾಯಿಂದ ಕೇಳಿದ ಮಾತು ಅದು. ಆಡುವುದು ಇಷ್ಟು ಸುಲಭ ಎಂದು ಗೊತ್ತಿರಲಿಲ್ಲ. ಶಾಲೆಗೆ ಹೋದೆ. ಸೃಷ್ಟಿ ಫರ್ಸಿ ಕಲ್ಲಿನ ನೆಲದ ಮೇಲೆ ತನ್ನ ಜಾಗದಲ್ಲಿ ಗಂಭೀರವಾಗಿ ಕುಳಿತಿದ್ದಳು. ಅವಳ ತೊಡೆಯ ಮೇಲಿನ ಪಾಟಿಯನ್ನು ಆಗಷ್ಟೇ ನೀರು ಹಚ್ಚಿ ಒರೆಸಿದ್ದರು. ಒದ್ದೆ ಕಲ್ಲಿನ ವಾಸನೆ ಮೂಗಿಗೆ ಬಂತು. ವಿಚಾರಣೆ ಅಲ್ಲಿಗೆ ಮುಗಿಯಿತು. ಅಪರಾಧಿ ಯಾರೆಂದು ತಿಳಿಯಿತು, ಅವನು ಓದಿದ ಶಾಲೆ ಯಾವುದೆಂಬುದೂ ನೆನಪಾಯಿತು.

ನಾನು ಒಂದನೇ ಇಯತ್ತೆ ಓದಿದ್ದು ವಾಡಿಯಲ್ಲಿ. ಸ್ಟೇಷನ್ನಿನಿಂದ ಸ್ವಲ್ಪ ದೂರ, ಸುಣ್ಣಕಲ್ಲಿನ ಖಣಿಗೆ ಸ್ವಲ್ಪ ಹತ್ತಿರ ನಮ್ಮ ಶಾಲೆ. ಒಂದೇ ದೊಡ್ಡ ಕೋಣೆ, ನೆಲಕ್ಕೆ ಶಹಾಬಾದಿ ಫರ್ಸಿ. ಒಬ್ಬ ಹುಡುಗನಿಗೆ ಒಂದು ಫರ್ಸಿ. ಮೊದಲ ತಿಂಗಳು ನಾವು ಕಲಿತದ್ದು ನಮ್ಮ ನಮ್ಮ ಕಲ್ಲಿನ ಗಡಿ. ಪಕ್ಕದವನ ಕಲ್ಲಿನ ಮೇಲೆ ಮೊಣಕಾಲು ಹೋದರೆ ಅದು ಆಕ್ರಮಣ. ಒಂದು ಕಲ್ಲು ಬಿರುಕು ಬಿಟ್ಟಿತ್ತು. ಅದರ ಮೇಲೆ ಕೂರುತ್ತಿದ್ದ ಹುಡುಗ ತನಗೆ ಎರಡು ಕಲ್ಲಿವೆ ಎಂದು ವರ್ಷವಿಡೀ ಜಂಬ ಕೊಚ್ಚಿದ. ಹೆಸರು ಕರೆದರೆ "ಹಾಜರ್ರಿ" ಎನ್ನುವುದನ್ನು ಕಲಿತೆವು. ಗೈರುಹಾಜರಾದವನ ಹೆಸರು ಕರೆದರೆ ಪಕ್ಕದವನು "ಗೈರ್ ಹಾಜರ್ರಿ" ಎನ್ನಬೇಕಿತ್ತು. ಒಬ್ಬ ತಾನೇ ಎದ್ದು ನಿಂತು ತನ್ನ ಬಗ್ಗೆ ಹಾಗೆ ಹೇಳಿ ಕುಳಿತ. ಅವತ್ತು ಅವನು ಗೈರುಹಾಜರೆಂದೇ ದಾಖಲಾಯಿತು.

ಪಾಠ ಹೇಳುತ್ತಿದ್ದವರು ಅಕ್ಕೋರು. ಚಿತ್ತಾಪುರದಿಂದ ಪ್ಯಾಸೆಂಜರ್ ಗಾಡಿಯಲ್ಲಿ ಬರುತ್ತಿದ್ದ ಸಣ್ಣ ವಯಸ್ಸಿನ ಹೆಣ್ಣುಮಗಳು, ಆ ವರ್ಷದ ಮಟ್ಟಿಗೆ ಮಾತ್ರ ನೇಮಕವಾದವರು. ಅವರಿಗೆ ಮುಂಚೆ ಇದ್ದ ಮಾಸ್ತರರು ರಜೆಯ ಮೇಲಿದ್ದರು. ಅವರ ಬೆತ್ತ ಮಾತ್ರ ರಜೆ ಹಾಕದೆ ಕಪಾಟಿನ ಮೇಲೆ ಮಲಗಿತ್ತು. ದಿನಾ ಅದನ್ನು ನೋಡುತ್ತಲೇ ಅಕ್ಷರ ತಿದ್ದುತ್ತಿದ್ದೆವು.

ಮಧ್ಯಾಹ್ನ ಊಟದ ಬಿಡುವಿಗೆ ಮುಂಚೆ ಖಣಿಯಲ್ಲಿ ಬಂಡೆ ಸಿಡಿಸುತ್ತಿದ್ದರು. ಮೊದಲು ಭೋಂಗಾ ಕೂಗುತ್ತದೆ, ಅಂದರೆ ಸೈರನ್ನು. ಅದು ನಿಂತ ಸ್ವಲ್ಪ ಹೊತ್ತಿಗೆ ಧಡಂ. ನೆಲ ನಡುಗುತ್ತದೆ, ಕಿಟಕಿ ಗಡಗಡ ಅನ್ನುತ್ತದೆ, ಫರ್ಸಿಯ ಮೇಲಿಟ್ಟ ಪಾಟಿ ಕುಣಿದು ಬಿರಿಯುತ್ತದೆ. ಶಾಲೆ ಶುರುವಾದ ಹೊಸದರಲ್ಲಿ ಭೋಂಗಾ ಕೇಳಿದರೆ ಸಾಕು, ಅರ್ಧ ವರ್ಗ ಅಳುತ್ತಿತ್ತು. ಉಳಿದರ್ಧ ಬಾಗಿಲಿಗೆ ಓಡುತ್ತಿತ್ತು. ಅಕ್ಕೋರು ಒಂದು ಉಪಾಯ ಮಾಡಿದರು. ಭೋಂಗಾ ನಿಂತ ಕೂಡಲೇ ಪಾಟಿ ತೊಡೆಯ ಮೇಲೆ, ಎಲ್ಲರೂ ಒಂದೇ ದನಿಯಲ್ಲಿ ಎಣಿಕೆ. ಎಣಿಸುವ ಬಾಯಿ ಅಳುವುದಿಲ್ಲ ಎಂಬುದು ಅವರ ಲೆಕ್ಕ. ಎಲ್ಲರಿಗಿಂತ ಸಣ್ಣವಳಾದ ನಾಗಮ್ಮನ ಹಿಂದೆ ನಿಂತು ಅವಳ ಕಿವಿಗಳನ್ನು ತಾವೇ ಮುಚ್ಚುತ್ತಿದ್ದರು. ಬೆತ್ತದ ಮಾಸ್ತರರು ಯಾರ ಕಿವಿಯನ್ನೂ ಮುಚ್ಚಿದ್ದಿಲ್ಲ, ಹಿಂಡಿದ್ದು ಮಾತ್ರ ಎಂದು ಎರಡನೇ ಇಯತ್ತೆಯವರು ಹೇಳುತ್ತಿದ್ದರು.

ಉಪಾಯ ಫಲಿಸಿತು. ಅಗತ್ಯಕ್ಕಿಂತ ಹೆಚ್ಚೇ ಫಲಿಸಿತು.

ದಿನಾ ಸರಿಯಾಗಿ ನಲವತ್ತಕ್ಕೇ ಬಂಡೆ ಸಿಡಿಯುತ್ತಿತ್ತು ಎಂದು ನಾನು ಬರೆದರೆ ಸಂಪಾದಕರು ಹೊಡೆದು ಹಾಕುತ್ತಾರೆ, ಹಾಕಲೇಬೇಕು. ಒಮ್ಮೊಮ್ಮೆ ಬೇಗ ಸಿಡಿಯುತ್ತಿತ್ತು. ಅವತ್ತು ಎಣಿಕೆ ಅಲ್ಲಿಗೇ ನಿಂತು ಊಟದ ಗಂಟೆ. ಆದರೆ ಹೆಚ್ಚಿನ ದಿನ ಅದು ಮೂವತ್ತೊಂಬತ್ತರ ಆಸುಪಾಸಿಗೇ ಬರುತ್ತಿತ್ತು. ತಡವಾದರೆ ನಾವು ಬಿಡುತ್ತಿರಲಿಲ್ಲ. "ಮೂವತ್ತೊಂಬ" ಎಂದು ಹಿಡಿದ ರಾಗವನ್ನು ಧಡಂ ಎನ್ನುವ ತನಕ ಎಳೆಯುತ್ತಿದ್ದೆವು. ಬರಬರುತ್ತ ಪಾಟಿ ಎತ್ತುವುದೂ ಕಿವಿ ಮುಚ್ಚಿಕೊಳ್ಳುವುದೂ ಮೂವತ್ತೊಂಬತ್ತಕ್ಕೇ ಆಗತೊಡಗಿತು. ಹೀಗೆ ತಿಂಗಳುಗಟ್ಟಲೆ ನಡೆದ ಮೇಲೆ ನಮ್ಮ ವರ್ಗಕ್ಕೆ ಒಂದು ಸಂಗತಿ ಖಚಿತವಾಯಿತು. ಮೂವತ್ತೊಂಬತ್ತರ ಮುಂದಿನ ಅಂಕಿಯೇ ಬಂಡೆ ಸಿಡಿಸುತ್ತದೆ. ಖಣಿಯವರು ಮಾಡುವುದು ಭೋಂಗಾ ಊದುವುದಷ್ಟೇ. ಉಳಿದ ಕೆಲಸ ಒಂದನೇ ಇಯತ್ತೆಯದು.

ಇಷ್ಟು ದೊಡ್ಡ ಜವಾಬ್ದಾರಿ ಇರುವವರು ಆ ಅಂಕಿಯನ್ನು ಹೊತ್ತಲ್ಲದ ಹೊತ್ತಿನಲ್ಲಿ ಬಾಯಿಗೆ ತರುವಂತಿಲ್ಲ. ಒಮ್ಮೆ ನಮ್ಮವ್ವ ಹಿತ್ತಿಲಲ್ಲಿ ಒಣಗಿದ ಸೆಗಣಿ ಕುಳ್ಳು ಎಣಿಸು ಎಂದಳು. ಮೂವತ್ತೊಂಬತ್ತು ಕುಳ್ಳಾದ ಮೇಲೆ ನಾನು ಒಳಗೆ ಹೋಗಿ ಗೋಡೆಯ ಮಾಡದಲ್ಲಿದ್ದ ಚೀನಿ ಕಪ್ಪುಗಳನ್ನು ಒಂದೊಂದಾಗಿ ಕೆಳಗಿಳಿಸತೊಡಗಿದೆ.

"ಅವ್ಯಾಕ ಇಳಸಾಕತ್ತೀಯೋ?"

"ಇನ್ನೊಂದು ಕುಳ್ಳು ಉಳದದ ಯವ್ವಾ."

ಅವ್ವ ನನ್ನ ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ.

ಇದು ಅಕ್ಕೋರ ಗಮನಕ್ಕೆ ಬರುವ ಹೊತ್ತಿಗೆ ಚಳಿಗಾಲ ಬಂದಿತ್ತು, ಜೊತೆಗೆ ಒಂದು ಸುದ್ದಿಯೂ ಬಂದಿತ್ತು. ತಪಾಸಣೆಗೆ ಸಾಹೇಬರು ಬರುತ್ತಾರೆ. ಒಂದನೇ ಇಯತ್ತೆ ನೂರರ ತನಕ ಎಣಿಸಿದರೆ ಅಕ್ಕೋರನ್ನು ಮುಂದಿನ ವರ್ಷಕ್ಕೂ ಇಟ್ಟುಕೊಳ್ಳುತ್ತಾರೆ, ಇಲ್ಲದಿದ್ದರೆ ಹಳೆಯ ಮಾಸ್ತರರು ತಿರುಗಿ ಬರುತ್ತಾರೆ. ಹೆಡ್‌ಮಾಸ್ತರರು ಇದನ್ನು ನಮ್ಮೆದುರಿಗೇ ಹೇಳಿದರು. ಮಕ್ಕಳಿಗೆ ಏನು ತಿಳಿಯುತ್ತದೆ ಎಂದುಕೊಂಡಿದ್ದರು. ನಾವೆಲ್ಲ ಒಟ್ಟಿಗೆ ಕಪಾಟಿನ ಮೇಲೆ ನೋಡಿದೆವು.

ಅಕ್ಕೋರು ಗದರಿಸಲಿಲ್ಲ. ನಲವತ್ತನ್ನು ಅಲ್ಲೇ ಬಿಟ್ಟು ಆಚೆಯಿಂದ ಶುರು ಮಾಡಿದರು. ಬೆಳಗ್ಗೆ ನಲವತ್ತೊಂದರಿಂದ ನೂರು, ಮಧ್ಯಾಹ್ನ ಒಂದರಿಂದ ಮೂವತ್ತೊಂಬತ್ತು. ನಲವತ್ತೊಂದರಲ್ಲಿ ನಲವತ್ತು ಇದೆಯಲ್ಲ ಎಂದು ನೀವು ಕೇಳಬಹುದು. ನಾವು ಕೇಳಲಿಲ್ಲ. ಒಂದು ಸೇರಿಕೊಂಡರೆ ಸಿಡಿಮದ್ದು ತೊಯ್ದ ಹಾಗೆ ಎಂದು ತಿಳಿದಿದ್ದೆವು. ಮಾಘ ಬರುವ ಹೊತ್ತಿಗೆ ಈಚೆ ದಡ ಗಟ್ಟಿಯಾಯಿತು, ಆಚೆ ದಡವೂ ಗಟ್ಟಿಯಾಯಿತು. ನಡುವೆ ಖಣಿ ಇತ್ತು.

"ಒಮ್ಮೆ ಅಂದು ನೋಡ್ರೆಪಾ," ಎಂದು ಅಕ್ಕೋರು ಕೇಳಿಕೊಂಡರು. "ಏನೂ ಆಗಂಗಿಲ್ಲ. ನಾ ಅಂತೀನಿ ನೋಡ್ರಿ..."

"ಬ್ಯಾಡ್ರಿ ಅಕ್ಕೋರೆ," ಎಂದು ಇಡೀ ವರ್ಗ ಕೂಗಿತು. ನಾಗಮ್ಮ ಹೋಗಿ ಅವರ ಬಾಯಿಗೆ ಕೈ ಅಡ್ಡ ಹಿಡಿದಳು. ಅವರಿಗೆ ಏನಾದರೂ ಆದರೆ ನಮ್ಮ ಗತಿ ಏನು.

ಸಾಹೇಬರು ಬಂದದ್ದು ಒಂದು ಬೆಳಗ್ಗೆ. ಚಿಂಚೋಳಿ ಕಡೆಯವರು, ತೆಳ್ಳಗಿನ ಮನುಷ್ಯ, ಕೈಯಲ್ಲಿ ಚರ್ಮದ ಚೀಲ. ಕುರ್ಚಿಯ ಮೇಲೆ ಕುಳಿತು, "ಎಣಸ್ರಿ" ಎಂದರು. ನಾವು ಎಣಿಸಿದೆವು. ಅಷ್ಟು ಚೆನ್ನಾಗಿ ಎಂದೂ ಎಣಿಸಿರಲಿಲ್ಲ. ಮೂವತ್ತೊಂಬತ್ತು ಎಂದೆವು, ಪಾಟಿ ತೊಡೆಯ ಮೇಲೆ ಎತ್ತಿಕೊಂಡೆವು, ಕಿವಿ ಮುಚ್ಚಿಕೊಂಡೆವು.

ಸಾಹೇಬರು ಕಾದರು. ಹೆಡ್‌ಮಾಸ್ತರರು ಕೆಮ್ಮಿದರು. ಅಕ್ಕೋರು ಫರ್ಸಿ ನೋಡುತ್ತ ನಿಂತಿದ್ದರು.

"ಮುಂದ?" ಎಂದರು ಸಾಹೇಬರು.

ನಾಗಮ್ಮ ಒಂದು ಕಿವಿಯ ಕೈ ತೆಗೆದು ಹೇಳಿದಳು, "ಮುಂದ ಏನೂ ಇಲ್ರಿ."

"ಏನೂ ಇಲ್ಲಂದ್ರ?"

"ಅಲ್ಲಿಗಿ ಎಲ್ಲಾ ಮುಗೀತದ್ರಿ."

ಹೆಡ್‌ಮಾಸ್ತರರ ಕಣ್ಣು ಕಪಾಟಿನ ಮೇಲಕ್ಕೆ ಹೋಯಿತೋ, ನನಗೆ ಹಾಗೆ ಕಂಡಿತೋ, ಈಗ ಖಚಿತವಾಗಿ ಹೇಳಲಾರೆ. ಅಂಕಿ ಅಂದರೆ ಶಾಲೆ ಹಾರುತ್ತದೆ, ಅನ್ನದಿದ್ದರೆ ಅಕ್ಕೋರು ಹೋಗುತ್ತಾರೆ. ಕಿವಿಯ ಮೇಲಿನ ಕೈ ಸಡಿಲಿಸಿ ಒಬ್ಬರ ಮುಖ ಒಬ್ಬರು ನೋಡಿದೆವು. ಆಗ ಹಿಂದಿನ ಸಾಲಿನಿಂದ ರೈಲ್ವೆ ಪಾಯಿಂಟ್ಸ್‌ಮನ್ನರ ಮಗ ಖಾಜಾ, ಯಾರಿಗೂ ಹೇಳದೆ ಕೇಳದೆ, ಮೆಲ್ಲಗೆ ಅಂದ: "ಚಾಲೀಸ್."

ಕಿವಿಯನ್ನು ಮತ್ತೆ ಗಟ್ಟಿಯಾಗಿ ಮುಚ್ಚಿಕೊಂಡೆವು. ಶಾಲೆ ನಿಂತಲ್ಲೇ ನಿಂತಿತ್ತು. ಬಂಡೆಗೆ ಉರ್ದು ಬರುವುದಿಲ್ಲ ಎಂಬುದು ಎಲ್ಲರ ತಲೆಗೂ ಒಟ್ಟಿಗೆ ಹೊಳೆಯಿತು. "ನಲವತ್ತೊಂದು" ಎಂದು ವರ್ಗ ಗರ್ಜಿಸಿತು. ನೂರು ಮುಟ್ಟುವ ತನಕ ಯಾರೂ ನಿಲ್ಲಲಿಲ್ಲ.

ಸಾಹೇಬರು ಅಕ್ಕೋರ ಕಡೆ ತಿರುಗಿದರು. ಅಕ್ಕೋರು ಮುಚ್ಚಿಡದೆ ಎಲ್ಲವನ್ನೂ ಹೇಳಿದರು. ಸಾಹೇಬರು ಗಂಭೀರವಾಗಿ ಕೇಳಿ, ನಮ್ಮನ್ನು ನೋಡಿ, "ಹಂಗಾದ್ರ ನಾ ಅಂದ್ರ ನಡೀತದೇನು?" ಎಂದರು. ನಾಗಮ್ಮ ಎದ್ದು ಹೋದಳು. ನೆಲದ ಮೇಲಿದ್ದ ಚರ್ಮದ ಚೀಲವನ್ನು ಎರಡೂ ಕೈಯಿಂದ ಎತ್ತಿ ಸಾಹೇಬರ ತೊಡೆಯ ಮೇಲಿಟ್ಟಳು. ಕುರ್ಚಿಯ ಹಿಂದೆ ಹೋಗಿ, ತುದಿಗಾಲಲ್ಲಿ ನಿಂತು, ಅವರ ಕಿವಿ ಮುಚ್ಚಿದಳು. ತಾಲೂಕಿನ ಶಾಲೆಗಳನ್ನೆಲ್ಲ ತಪಾಸಣೆ ಮಾಡುವ ಮನುಷ್ಯ ಹಾಗೇ ಕುಳಿತು, ತಗ್ಗಿದ ದನಿಯಲ್ಲಿ, "ನಲವತ್ತು" ಎಂದರು.

ದೂರದಲ್ಲಿ ಒಂದು ಗೂಡ್ಸ್ ಗಾಡಿ ಹೋಯಿತು, ಅಷ್ಟೇ.

ಊಟದ ಬಿಡುವಿನಲ್ಲಿ ನಾವು ಇದನ್ನು ಚರ್ಚಿಸಿ ತೀರ್ಮಾನಕ್ಕೆ ಬಂದೆವು. ಚಿಂಚೋಳಿ ಕಡೆ ತೊಗರಿ ಇದೆ, ಕಾಡಿದೆ. ಹೀಗೆ ಸಿಡಿಸುವ ಖಣಿ ಇಲ್ಲ. ಅಲ್ಲಿಯವರ ನಲವತ್ತಿಗೆ ವಾಡಿಯಲ್ಲಿ ಕಿಮ್ಮತ್ತಿಲ್ಲ. ಅದಕ್ಕೆ ಪುರಾವೆಯೂ ಇತ್ತು: ಸ್ವಲ್ಪ ಮುಂಚೆಯಷ್ಟೇ ಭೋಂಗಾ ಕೂಗಿ, ನಾವು ಎಣಿಸಿ, ಮೂವತ್ತೊಂಬತ್ತಾದ ಮೇಲೆ ಧಡಂ ಎಂದಿತ್ತು. ಸಾಹೇಬರು ಆಗ ಬಾಗಿಲ ಹತ್ತಿರ ಇದ್ದರು. ಚೀಲವನ್ನು ಎದೆಗೆ ಅವಚಿಕೊಂಡಿದ್ದರು. ಹೋಗುವಾಗ ಹೆಡ್‌ಮಾಸ್ತರರಿಗೆ ಹೇಳಿದ್ದನ್ನು ನಾನು ನನ್ನ ಕಿವಿಯಿಂದಲೇ ಕೇಳಿದ್ದೇನೆ.

"ಈ ಅಕ್ಕೋರ ಇರ್ಲಿ ಬಿಡ್ರಿ. ಹೊಸಬ್ರು ಬಂದ್ರ ಈ ಹುಡುಗ್ರು ಅವ್ರಿಗಿ ಇದ್ನ ಕಲಸೋದ್ರಾಗ ವರ್ಷ ಹೋಗ್ತದ."

ಅಕ್ಕೋರು ಉಳಿದರು. ಬೆತ್ತವನ್ನು ಒಂದು ದಿನ ಕಿಟಕಿ ತೆರೆದಿಡಲು ಅಡ್ಡ ಕೊಟ್ಟರು. ಅದು ಅಲ್ಲೇ ಉಳಿಯಿತು.

ಇಷ್ಟನ್ನೂ ಬರೆಯುವ ಮುಂಚೆ ಇನ್ನೊಂದು ಮೂಲದಿಂದ ಖಚಿತಪಡಿಸಿಕೊಳ್ಳಬೇಕೆನಿಸಿತು. ಖಾಜಾ ಈಗ ಶಹಾಬಾದದಲ್ಲಿ ಫರ್ಸಿ ಕೊರೆಯುವ ಮಷೀನು ಇಟ್ಟುಕೊಂಡಿದ್ದಾನೆ. ಫೋನ್ ಮಾಡಿದೆ. ಮಷೀನಿನ ಸದ್ದಿನಲ್ಲಿ ಇಬ್ಬರೂ ಕೂಗಿ ಮಾತಾಡಬೇಕಾಯಿತು.

"ಅವತ್ತು ನೀ ಭಾಳ ಶಾಣ್ಯಾತನ ಮಾಡಿದ್ಯೋ ಖಾಜಾ. ಉರ್ದುದಾಗ ಅಂದ್ರ ಸಿಡಿಯಂಗಿಲ್ಲ ಅಂತ ನಿನಗ ಹ್ಯಾಂಗ ಹೊಳೀತು?"

"ಯಾವ ಶಾಣ್ಯಾತನ ಯಾರ್," ಎಂದ. "ನಂಗ ಕನ್ನಡದಾಗ ನಲವತ್ತು ಬರ್ತಿದ್ದಿಲ್ಲ. ತಿಂಗಳಗಟ್ಲೆ ನೀವ್ಯಾರೂ ಅಂದೇ ಇಲ್ಲ, ನಾ ಎಲ್ಲಿಂದ ಕಲೀಲಿ?"

ಅವತ್ತು ಸಂಜೆ ಸೃಷ್ಟಿಯನ್ನು ಕೂರಿಸಿಕೊಂಡು ಎಣಿಕೆ ತಿದ್ದಲು ಶುರು ಮಾಡಿದೆ. ನಾನು ಹೇಳುವುದು, ಅವಳು ಹೇಳುವುದು. ಮೂವತ್ತೊಂಬತ್ತು ಎಂದೆ. ನನ್ನ ಕೈ ಚಹಾದ ಕಪ್ಪನ್ನು ನೆಲದಿಂದ ಎತ್ತಿ ತೊಡೆಯ ಮೇಲಿಟ್ಟಿತು. ದಿನಾ ಹಾಗೇ ಮಾಡುತ್ತಿದ್ದೆನಂತೆ, ಸೃಷ್ಟಿ ಹೇಳಿದಳು. ಕಿವಿಯನ್ನೂ ಮುಟ್ಟಿಕೊಂಡು ಪಾಠವನ್ನು ಅಲ್ಲಿಗೇ ನಿಲ್ಲಿಸುತ್ತಿದ್ದೆನಂತೆ. ಕಪ್ಪನ್ನು ತಿರುಗಿ ಕೆಳಗಿಟ್ಟೆ, ಗಂಟಲು ಸರಿಪಡಿಸಿಕೊಂಡೆ, ಬಾಯಿ ತೆರೆದೆ.

"ಚಾಲೀಸ್" ಎಂದೆ.

ಇಷ್ಟು ವರ್ಷ ಸಂತೆಯಲ್ಲಿ, ಬಸ್ಸಿನಲ್ಲಿ, ಆಫೀಸಿನಲ್ಲಿ ಎಲ್ಲೆಡೆ ನಾನು ಹಾಗೇ ಅನ್ನುತ್ತ ಬಂದಿದ್ದೇನೆ. ನಮ್ಮ ಕಡೆಯ ಮಾತೇ ಹಾಗೆ, ಅದರಲ್ಲಿ ಅರ್ಧ ಉರ್ದು ಎಂದುಕೊಂಡಿದ್ದೆ.

"ಮುತ್ಯಾ, ಅದೊಂದಾ ಯಾಕ ಉರ್ದುದಾಗ?" ಎಂದಳು ಸೃಷ್ಟಿ.

ಹೇಳಿದೆ. ವಾಡಿ, ಭೋಂಗಾ, ಅಕ್ಕೋರು, ನಾಗಮ್ಮ, ಸಾಹೇಬರ ಚೀಲ, ಎಲ್ಲವನ್ನೂ ಹೇಳಿದೆ. ಕೊನೆಗೆ ಅವಳು ನನ್ನ ಎರಡೂ ಕಿವಿಗಳನ್ನು ಪುಟ್ಟ ಕೈಗಳಿಂದ ಗಟ್ಟಿಯಾಗಿ ಮುಚ್ಚಿ, "ಈಗ ಅನ್ನು" ಎಂದಳು. ತುಟಿ ನೋಡಿ ತಿಳಿದೆ. ನಾನು ಅಂದೆ. ಕನ್ನಡದಲ್ಲೇ ಅಂದೆ. ನನಗೆ ಕೇಳಿಸಲಿಲ್ಲ, ಸರಿಯಾಗಿತ್ತು ಎಂದು ಅವಳು ಹೇಳಿದಳು.

ಕಳೆದ ಸೋಮವಾರ ಟೀಚರ್ ಮತ್ತೆ ಫೋನ್ ಮಾಡಿದ್ದರು. ಸೃಷ್ಟಿ ಈಗ ನೂರರ ತನಕ ಎಣಿಸುತ್ತಾಳೆ. ಕಥೆಯನ್ನು ಅವಳು ವರ್ಗಕ್ಕೆಲ್ಲ ಹೇಳಿದ್ದಾಳೆ. ಮೂವತ್ತೊಂಬತ್ತಾದ ಮೇಲೆ ಎಲ್ಲ ಮಕ್ಕಳೂ ಪಾಟಿ ಎತ್ತಿಕೊಂಡು, ಪಕ್ಕದವರ ಕಿವಿ ಮುಚ್ಚಿ, ನಂತರವೇ ನಲವತ್ತು ಅನ್ನುತ್ತಾರೆ. ಆ ಹೊತ್ತಿಗೆ ಟೀಚರ್ ಮೇಜಿನ ಮೇಲಿನ ತಮ್ಮ ಮೊಬೈಲನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ.