ಮೈಸೂರಿನ ‘ಪರವಾಗಿಲ್ಲ’

ನಮ್ಮ ಮನೆಯಲ್ಲಿ ‘ಪರವಾ ಇಲ್ಲ’ ಅಂದರೆ ಕೆಟ್ಟ ಸುದ್ದಿಯ ಹಿಂದೆ ಬರುವ ಮಾತು. ಅಣ್ಣ ಮ್ಯಾಟ್ರಿಕ್ ನಪಾಸಾದಾಗ ಅವ್ವ ಅವನ ಬೆನ್ನು ಸವರಿ ಹೇಳಿದ್ದು ಅದನ್ನೇ: “ಪರವಾ ಇಲ್ಲ ಬಿಡೋ.” ಆಮೇಲೆ ಅವನು ಪುಸ್ತಕ ಮುಟ್ಟಲಿಲ್ಲ, ಅಪ್ಪನ ಜೊತೆ ಗುಡಿಯ ಪೂಜೆಗೆ ನಿಂತ.

ನಾನು ಲಕ್ಷ್ಮೇಶ್ವರದಿಂದ ಗದಗಿನ ಕಾಲೇಜಿಗೆ ಬಂದೆ. ಇಂಗ್ಲಿಷ್ ಕಲಿಸಲು ಮೈಸೂರಿನಿಂದ ಹೊಸ ಅಧ್ಯಾಪಕರು ಬಂದಿದ್ದರು. ಏಕೀಕರಣದ ಕಾಲ; ಸಂಜೆಯಾದರೆ ಪೇಟೆಯಲ್ಲಿ ಕನ್ನಡಿಗರೆಲ್ಲ ಒಂದೇ ಎಂಬ ಭಾಷಣ. ಕಷ್ಟಪಟ್ಟು ಬರೆದ ಪ್ರಬಂಧವನ್ನು ಅವರ ಕೈಗಿಟ್ಟೆ. ಓದಿ ನಕ್ಕು, “ಪರವಾಗಿಲ್ಲ ಕಣಯ್ಯ” ಅಂದರು.

ಆ ನಗೆ ಕನಿಕರದ್ದೆಂದು ತಿಳಿದೆ. ಮೊದಲೇ ನನಗೆ ಮೂಗಿನ ತುದಿಯಲ್ಲಿ ಸಿಟ್ಟು. ಅಂದಿನಿಂದ ಹಿಂದಿನ ಬೆಂಚು ಹಿಡಿದೆ. ಬೆಟಗೇರಿಯ ಬಾಡಿಗೆ ಕೋಣೆಯಲ್ಲಿ ಓದಲು ಕುಳಿತರೆ ಪಕ್ಕದ ಮನೆಯ ಮಗ್ಗ ‘ದಡ್ಡ, ದಡ್ಡ’ ಅಂದಂತೆ ಕೇಳುತ್ತಿತ್ತು.

ಒಮ್ಮೆ ಅವರು, “ನನ್ನ ಪಾಠ ಹೇಗಿದೆ?” ಎಂದು ಕೇಳಿದರು. “ಅಡ್ಡಿಲ್ರಿ ಸರ್” ಎಂದಿತು ಇಡೀ ತರಗತಿ. ಅವರ ಮುಖ ಸಣ್ಣದಾಯಿತು. ಯಾಕೆಂದು ಯಾರೂ ಕೇಳಲಿಲ್ಲ.

ಪರೀಕ್ಷೆ ಹತ್ತಿರವಾದಾಗ ಕೋಣೆಯ ಗೆಳೆಯನಿಗೆ, “ಊರಿಗೆ ಹೋಗ್ತೀನಿ. ಗುಡಿ ಪೂಜಿನ ಸಾಕು ನನಗ” ಅಂದೆ. ಅವನು ಮುಂಡರಗಿಯವನು, ಬಾಯಿ ಜೋರು.

“ಹೋಗೂದಾದ್ರ ಸರ್‌ಗೆ ಹೇಳಿ ಹೋಗಲೇ. ಕಳ್ಳನಂಗ ಯಾಕ ಹೋಗ್ತಿ?”

ಹೋದೆ. ಅಧ್ಯಾಪಕರು ತಮ್ಮ ಕೋಣೆಯಲ್ಲಿ ಟ್ರಂಕಿಗೆ ಬಟ್ಟೆ ತುಂಬುತ್ತಿದ್ದರು.

“ಕಾಲೇಜು ಬಿಡ್ತೀನ್ರಿ ಸರ್. ನೀವ ಪರವಾಗಿಲ್ಲ ಅಂದ್ರಲ್ರಿ.”

“ಪರವಾಗಿಲ್ಲ ಅಂದ್ರೆ ಚೆನ್ನಾಗಿದೆ ಅಂತ ಕಣಯ್ಯ! ಈ ತರಗತೀಲಿ ನಿನಗೊಬ್ಬನಿಗೇ ಹಾಗಂದಿದ್ದು.”

ಸಂತೋಷವಾಗಬೇಕಿತ್ತು, ಹೊಟ್ಟೆ ಉರಿಯಿತು. ಇಷ್ಟು ತಿಂಗಳು ಸುಮ್ಮನೆ ಸತ್ತೆನಲ್ಲ! ಭಾಷಣದವರು ಏನೇ ಹೇಳಲಿ, ನಮ್ಮ ಕನ್ನಡ ಏರಿಗೆಳೆದರೆ ಅವರದು ನೀರಿಗೆಳೆದಿತ್ತು. ಆಗ ಟ್ರಂಕಿನ ಕಡೆ ಕಣ್ಣು ಹೋಯಿತು.

“ನೀವೆಲ್ಲಿ ಹೊಂಟೀರಿ ಸರ್?”

“ಕೆಲಸ ಬಿಟ್ಟೆ. ಪಾಠ ಹೇಗಿದೆ ಅಂದ್ರೆ ‘ಅಡ್ಡಿಲ್ಲ’ ಅಂದ್ರಿ. ಬೇಡದವನನ್ನ ಹೇಗೋ ಸಹಿಸ್ಕೊಂಡಿದ್ದೀರಿ ಅಂತ ಗೊತ್ತಾಯ್ತು.”

“ಅಯ್ಯ, ಅದು ಭಾಳ ಚಲೋ ಐತಿ ಅಂತ ಹೇಳೂ ಮಾತ್ರಿ!”

ಅವರು ಮಂಚದ ಮೇಲೆ ಕುಳಿತುಬಿಟ್ಟರು. ಅವರ ಜಾಗಕ್ಕೆ ಕಾಲೇಜಿನವರು ಆಗಲೇ ಬೇರೆಯವರನ್ನು ಗೊತ್ತುಮಾಡಿಯಾಗಿತ್ತು.

ಸ್ಟೇಷನ್ನಿಗೆ ಟ್ರಂಕು ಹೊತ್ತವನು ನಾನೇ. ಗಾಡಿ ಅಲುಗಿದಾಗ, “ಪರೀಕ್ಷೆಗೆ ಕೂರ್ತೀಯ ತಾನೆ?” ಅಂದರು. “ಹೂನ್ರಿ” ಅಂದೆ. ಕಿಟಕಿಯಿಂದ ನನ್ನ ಭುಜ ಹಿಡಿದು, ನಮ್ಮ ಧಾಟಿಗೆ ನಾಲಿಗೆ ಹೊರಳಿಸಲು ಹೆಣಗುತ್ತ ಹೇಳಿದರು:

“ನೀ ಅಡ್ಡಿಲ್ಲಲೇ.”

ನನಗೆ ಅಳು ತಡೆಯಲಾಗಲಿಲ್ಲ.